ನಜೀರಸಾಬರ ಹದಿನೈದು ನಿಮಿಷ

ಬೆಟಗೇರಿಯಲ್ಲಿ ಮಗ್ಗ ರಿಪೇರಿ ಮಾಡುವ ನಜೀರಸಾಬರು ಒಳ್ಳೆಯ ಮನುಷ್ಯ. ಅವರಲ್ಲಿದ್ದ ಕೊರತೆ ಒಂದೇ. ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಲು ಅವರ ನಾಲಿಗೆ ಹೊರಳುತ್ತಿರಲಿಲ್ಲ. ಕೋಟುಮಚಗಿಗೆ ಹೋಗುವ ಬಸ್ಸು ಯಾವುದೆಂದು ಕೇಳಿದ ಹೊಸಬನೊಬ್ಬನನ್ನು ಅವರು ಒಮ್ಮೆ ತುಂಬು ವಿಶ್ವಾಸದಿಂದ ಬೇರೊಂದು ಬಸ್ಸಿಗೆ ಹತ್ತಿಸಿ ಕಳಿಸಿದ್ದರು. ಆ ಮನುಷ್ಯ ಸಂಜೆ ಧೂಳು ತುಂಬಿದ ಮುಖದಲ್ಲಿ ಮರಳಿ ಬಂದು ಹುಡುಕಿ ಹಿಡಿದಾಗ, "ನಾ ಹೇಳಿದ್ದು ಸುತ್ತಿನ ದಾರಿರಿ" ಎಂದು ಚಹಾ ಕುಡಿಸಿದ್ದರು.

ಗದಗ ಜಿಲ್ಲೆಯಾಗಿ ಹನ್ನೆರಡು ವರ್ಷವಾಗಿದ್ದ ಹೊತ್ತು. ಜಿಲ್ಲೆಯೆಂದ ಮೇಲೆ ಕಚೇರಿಗಳು, ಕಚೇರಿಗಳೆಂದ ಮೇಲೆ ಸಮಾವೇಶಗಳು. ಅಂಥದ್ದೊಂದು ಕುಶಲಕರ್ಮಿಗಳ ಸಮಾವೇಶದ ಸಂಘಟಕರು ಒಂದು ಮುಂಜಾನೆ ನಜೀರಸಾಬರಿಗೆ ಫೋನು ಮಾಡಿದರು.

ಕಾರಣ ಸಣ್ಣದಲ್ಲ. ನಜೀರಸಾಬರ ಗೆಳೆಯ, ನೇಕಾರ ಕಲ್ಲಣ್ಣನ ಹೆಂಡತಿ ಬನಶಂಕರೆವ್ವನಿಗೆ ಮೊಣಕಾಲು ನೋವು ಬಂದು, ಮೂವತ್ತು ವರ್ಷ ನೇಯ್ದ ಕುಣಿಮಗ್ಗವನ್ನೇ ಬಿಡುವ ಪ್ರಸಂಗ ಬಂದಿತ್ತು. ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನಕ್ಕೆ ಸಾವಿರಾರು ಸಲ ಹಲಗೆ ತುಳಿಯಬೇಕು. ಮಗ್ಗ ಬಿಟ್ಟ ದಿನ ಆಕೆ ಗೋಡೆಗೆ ಮುಖ ಮಾಡಿ ಕೂತದ್ದನ್ನು ನಜೀರಸಾಬರು ಕಣ್ಣಾರೆ ಕಂಡಿದ್ದರು. ಎರಡು ತಿಂಗಳು ಗುದ್ದಾಡಿ, ತುಳಿಯುವ ಹಲಗೆಯ ಕೀಲಿಗೆ ಹಳೆಯ ಸೈಕಲ್ಲಿನ ಬೇರಿಂಗು ಕೂಡಿಸಿ, ಮೇಲುಗಡೆ ಎದುರು ತೂಕಕ್ಕೆ ಕಬ್ಬಿಣದ ಗುಂಡು ಕಟ್ಟಿ, ತುಳಿತವನ್ನು ಹಗುರ ಮಾಡಿಬಿಟ್ಟರು. ಬನಶಂಕರೆವ್ವ ಮತ್ತೆ ಮಗ್ಗಕ್ಕೆ ಕೂತಳು. ಸುದ್ದಿ ಹಬ್ಬಿತು. ಸಮಾವೇಶದ ತಜ್ಞರು ಒಪ್ಪಿದರೆ ಜಿಲ್ಲೆಯ ನಲವತ್ತು ಹೆಣ್ಣುಮಕ್ಕಳ ಮಗ್ಗಗಳಿಗೆ ಇದನ್ನು ಹಾಕಿಸುವ ಯೋಜನೆ ಇತ್ತು.

"ಹತ್ತೊಂಬತ್ತನೇ ತಾರೀಖಿಗೆ ಹದಿನೈದು ನಿಮಿಷದ ಪ್ರೆಸೆಂಟೇಶನ್ ಕೊಡಬೇಕಾಗ್ತದ. ಮೊದಲು ಕೊಟ್ಟೀರೇನ್ರಿ?" ಎಂದರು ಸಂಘಟಕರು.

"ಭಾಳ ಕೊಟ್ಟೀನ್ರಿ," ಎಂದರು ನಜೀರಸಾಬರು. ಅವರು ಕೊಟ್ಟದ್ದು ಮದುವೆಗಳಲ್ಲಿ. ಸ್ಟೀಲಿನ ಡಬ್ಬಿ, ಗೋಡೆ ಗಡಿಯಾರ.

"ಪವರ್ ಪಾಯಿಂಟ್ ಐತಲ್ರಿ?"

ನಜೀರಸಾಬರು ಅಂಗಡಿಯ ಗೋಡೆಯತ್ತ ಕಣ್ಣಾಡಿಸಿದರು. "ಮೂರು ಅದಾವ್ರಿ. ಒಂದು ಸುಟ್ಟೈತಿ."

ಆ ಕಡೆಯವರು ಒಮ್ಮೆ ಕೆಮ್ಮಿದರು. ಆಮೇಲೆ, "ಛಲೋ ಆತು, ತಯಾರಿ ಮಾಡ್ಕೋರಿ" ಎಂದು ಫೋನಿಟ್ಟರು.

ಸಂಜೆ ಮಗಳು ಗುಲ್ನಾಜ ಮನೆಗೆ ಬಂದಾಗ ವಿಷಯ ಬಿಚ್ಚಿಕೊಂಡಿತು. ಗುಲ್ನಾಜ ಗದಗಿನಲ್ಲಿ ಕಂಪ್ಯೂಟರ್ ಕಲಿಸುವ ಹುಡುಗಿ. ಅಪ್ಪನ ಮೂರು ಪಾಯಿಂಟುಗಳ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ಪ್ರೆಸೆಂಟೇಶನ್ ಎಂದರೆ ಪರದೆಯ ಮೇಲೆ ಚಿತ್ರ ತೋರಿಸುತ್ತ ತನ್ನ ಕೆಲಸವನ್ನು ಜನಕ್ಕೆ ತಿಳಿಸಿ ಹೇಳುವುದು ಎಂದು ವಿವರಿಸಿದಳು.

"ಗೊತ್ತೈತಿ, ಗೊತ್ತೈತಿ," ಎಂದರು ನಜೀರಸಾಬರು. "ನಡಿ, ಈಗ ಕಂಪ್ಯೂಟರ್ ಚಾಲೂ ಮಾಡು."

"ಈಗಲ್ಲ ಅಬ್ಬಾ. ಕಂಪ್ಯೂಟರ್ ಮುಟ್ಟೋದು ಕಡೀಗೆ. ಮೊದಲ ಎದುರಿಗೆ ಕುಂಡ್ರೋರು ಯಾರು, ಅವರ ಸ್ವಭಾವ ಎಂಥಾದ್ದು, ಅವರಿಗೆ ಏನು ಬೇಕು ಅನ್ನೋದು ಪಕ್ಕಾ ತಿಳ್ಕೊಂಡು ಬರ್ರಿ. ಆಮ್ಯಾಲ ಅವರು ಮನಿಗೆ ಒಯ್ಯಬೇಕಾದ ಮಾತು ಒಂದ ಒಂದು ಹುಡುಕ್ರಿ. ನಾಕು ಮಂದಿ ಮುಂದ ಹೇಳಿ ನೋಡ್ರಿ. ಇಷ್ಟಾದ್ರ ಉಳಿದದ್ದು ನನಗ ಒಂದು ತಾಸಿನ ಕೆಲಸ."

ಇಷ್ಟು ಹೇಳಿ ಆಕೆ ಮರುದಿನ ಹತ್ತು ದಿನದ ತರಬೇತಿಗೆಂದು ಧಾರವಾಡಕ್ಕೆ ಹೋದಳು. ಹೋಗಬಾರದಿತ್ತು. ನಜೀರಸಾಬರಿಗೆ ಒಂದು ಕೆಲಸ ಹೇಳಿ ಪಕ್ಕದಲ್ಲಿ ಯಾರೂ ಇಲ್ಲದಂತೆ ಬಿಡುವುದು, ಬೆಂಕಿಪೊಟ್ಟಣ ಕೊಟ್ಟು ಬಣವೆಯ ಹತ್ತಿರ ಬಿಟ್ಟಂತೆ.

ತಜ್ಞರು ಇಬ್ಬರು. ಒಬ್ಬರು ಮುಂಡರಗಿಯಲ್ಲಿ ನೆಲೆಸಿದ್ದ ನಿವೃತ್ತ ಇಂಜಿನಿಯರ್ ದೇವೇಂದ್ರಪ್ಪ. ಇನ್ನೊಬ್ಬ ಶಿರಹಟ್ಟಿಯ ತರುಣ ಇಂಜಿನಿಯರ್ ಮೊಹಸಿನ. ನಜೀರಸಾಬರು ಅಂಗಡಿಯನ್ನು ಹೆಂಡತಿ ಅಲ್ಮಾಸಬಿಯ ವಶಕ್ಕೆ ಒಪ್ಪಿಸಿ, "ಕೆಲಸ ಐತಿ, ಬರ್ತೀನಿ" ಎಂದಷ್ಟೇ ಹೇಳಿ ಮುಂಡರಗಿಗೆ ಹೊರಟರು.

ಅಲ್ಲಿ ಅವರಿಗೆ ದೇವೇಂದ್ರಪ್ಪನವರ ಪಕ್ಕದ ಮನೆಯ ಮರಿಯವ್ವ ಸಿಕ್ಕಳು. ಪಕ್ಕದ ಮನೆಯವರ ಬಗ್ಗೆ ಯಾರಾದರೂ ಕೇಳಲಿ ಎಂದು ಹನ್ನೊಂದು ವರ್ಷದಿಂದ ಕಾಯುತ್ತಿದ್ದ ಹೆಣ್ಣುಮಗಳು ಆಕೆ.

"ಎಡಗಿವಿ ಕೇಳಂಗಿಲ್ಲ. ಬಲಗಡೆ ನಿಂತು ಮಾತಾಡಬೇಕು. ಎಡಗಡೆ ನಿಂತು ಹೇಳಿದ್ರ, ಕೇಳಿಸಿಲ್ಲ ಅನ್ನಂಗಿಲ್ಲ, ಆ ಮನಶ್ಯಾ ಸಿಟ್ಟಿಗೇಳ್ತಾನ. ಮತ್ತ ಏನು ಹೇಳಿದ್ರೂ 'ಎಷ್ಟು?' ಅಂತಾನ. 'ಮಳಿ ಬಂತ್ರಿ' ಅಂದ್ರ 'ಎಷ್ಟು ಬಂತು?' 'ಬೆನ್ನು ನೋಯಾಕತ್ತೈತ್ರಿ' ಅಂದ್ರ 'ಎಷ್ಟು ನೋಯಾಕತ್ತೈತಿ?' ಬೆನ್ನು ನೋವು ಅಳಿಯಾಕ ಸೇರು-ಪಾವು ಅದಾವೇನಪ್ಪಾ?"

ನಜೀರಸಾಬರು ಕಿಸೆಯ ವಹಿಯಲ್ಲಿ ಬರೆದುಕೊಂಡರು: ಬಲಗಿವಿ. ಎಷ್ಟು?

ಎರಡು ದಿನ ಬಿಟ್ಟು ಶಿರಹಟ್ಟಿ. ಮೊಹಸಿನನ ಓಣಿಯ ಕಿರಾಣಿ ಅಂಗಡಿಯಲ್ಲಿ ನಿಂತು ನಜೀರಸಾಬರು ವಿಚಾರಣೆ ಆರಂಭಿಸಿದರು. "ಹುಡುಗ ಹೆಂಥಾಂವರಿ? ಸಿಟ್ಟು ಜಲ್ದಿ ಬರತೈತೇನು? ಮಂದಿ ಹೇಳೋದು ಪೂರ್ತಿ ಕೇಳ್ತಾನೋ, ನಡುವ ಬಾಯಿ ಹಾಕ್ತಾನೋ? ಮಧ್ಯಾಹ್ನ ಉಂಡ ಮ್ಯಾಲ ತೂಕಡಸ್ತಾನೇನು?"

ಮದುವೆಗಿರುವ ಹುಡುಗನ ಬಗ್ಗೆ ಐವತ್ತು ದಾಟಿದ ಗಂಡಸು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪರವೂರಿನಿಂದ ಬಂದು ಹೀಗೆ ಕೇಳಿದರೆ ಕಿರಾಣಿ ಅಂಗಡಿಯವನು ಏನು ತಿಳಿಯಬೇಕು? ಅವನು ಉತ್ತರ ಕೊಡಲಿಲ್ಲ. ಹಿಂದಿನ ಬಾಗಿಲಿನಿಂದ ಖಬರ ಕಳಿಸಿದ. ಹತ್ತು ನಿಮಿಷದಲ್ಲಿ ಮೊಹಸಿನನ ತಾಯಿ ಅಮೀನಬಿ ನಜೀರಸಾಬರನ್ನು ಮನೆಗೇ ಕರೆಸಿ, ಚಾಪೆ ಹಾಸಿ, ಶರಬತ್ತು ಮುಂದಿಟ್ಟಳು.

"ಕುಂಡ್ರಿ. ಊರು ಬೆಟಗೇರಿ ಅಂದ್ರಿ. ಮಗಳು ಒಬ್ಬಾಕಿನ ಏನ್ರಿ?"

"ಒಬ್ಬಾಕಿನ್ರಿ, ಗುಲ್ನಾಜ ಅಂತ. ಕಂಪ್ಯೂಟರ್ ಕಲಿಸ್ತಾಳ. ಇಲ್ಲಿಗೆ ಕಳಿಸಿದಾಕಿನೂ ಅಕೀನ. 'ಅಬ್ಬಾ, ಮೊದಲ ಸ್ವಭಾವ ತಿಳ್ಕೊಂಡು ಬರ್ರಿ' ಅಂದ್ಲು."

"ಈಗಿನ ಹುಡಿಗ್ಯಾರು ಶ್ಯಾಣ್ಯಾ ಅದಾರ ಬಿಡ್ರಿ," ಎಂದಳು ಅಮೀನಬಿ, ಮೆಚ್ಚಿ.

"ಹತ್ತೊಂಬತ್ತಕ್ಕ ನಿಮ್ಮ ಮಗ ಗದಗಿಗೆ ಬರ್ತಾರಲ್ರಿ, ಅವತ್ತ ತೋರಸ್ತೀನಿ. ಹದಿನೈದು ನಿಮಿಷ ನೋಡಿ ಮನಸಿಗೆ ಬಂತು ಅಂದ್ರ ನನ್ನ ಜನ್ಮ ಸಾರ್ಥಕ."

"ಅಂವೊಬ್ಬನ ನೋಡಿದ್ರ ಆತೇನ್ರಿ? ನಾವೂ ನೋಡಬೇಕಲ್ಲ."

"ಅವಶ್ಯ ಬರ್ರಿ! ಎಷ್ಟು ಮಂದಿ ನೋಡ್ತಾರ ಅಷ್ಟು ಛಲೋ. ನಮ್ಮ ಓಣಿಮಂದಿಯೆಲ್ಲಾ ಈಗಾಗಲೇ ನೋಡಿ ಹೋಗ್ಯಾರ."

ಅಮೀನಬಿಗೆ ಇದು ಸ್ವಲ್ಪ ವಿಚಿತ್ರವೆನಿಸಿತು. ಆದರೂ ಕೇಳಬೇಕಾದ್ದನ್ನು ಕೇಳಿದಳು. "ಹೆಂಗೈತ್ರಿ?"

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಮನೆಯ ಮಗಳಿಗೂ ಮಗ್ಗದ ಹಲಗೆಗೂ ಒಮ್ಮೊಮ್ಮೆ ಒಂದೇ ಕ್ರಿಯಾಪದ. ಹುಡುಗಿಯೂ 'ಐತಿ', ಹಲಗೆಯೂ 'ಐತಿ'. ಈ ವ್ಯಾಕರಣದಿಂದ ಹಿಂದೆ ಯಾರಿಗೂ ತೊಂದರೆಯಾದದ್ದಿಲ್ಲ.

"ಭಾಳ ಗಟ್ಟಿ ಐತ್ರಿ," ಎಂದರು ನಜೀರಸಾಬರು, ತಮ್ಮ ಹಲಗೆಯನ್ನು ನೆನೆದು. "ಸಾಗವಾನಿ."

"ಮಾತುಕತಿ?"

"ಮೊದಲ ಕಿರಗುಟ್ಟತಿತ್ತು, ಸುಳ್ಳು ಯಾಕ ಹೇಳ್ಲಿ? ಎಣ್ಣಿ ಬಿಟ್ಟ ಮ್ಯಾಲ ಸುಮ್ಮನಾಗೇತಿ. ಈಗ ಎಷ್ಟು ತುಳದ್ರೂ ಸಪ್ಪಳಿಲ್ಲ."

"ತುಳದ್ರೂ?" ಅಮೀನಬಿ ಗಾಬರಿಯಾದಳು. ಗಾದೆಮಾತಿರಬೇಕು ಎಂದು ಸಮಾಧಾನ ಮಾಡಿಕೊಂಡಳು. "ಬಣ್ಣ ಹೆಂಗೈತಿ?"

"ಇನ್ನೂ ಹಚ್ಚಿಲ್ರಿ. ಹದಿನೆಂಟಕ್ಕ ಎರಡು ಸಲ ಬಳೀತೀನಿ."

ಮಗಳ ಬಣ್ಣದ ವಿಷಯದಲ್ಲಿ ಇಷ್ಟು ಸತ್ಯವಂತನಾದ ತಂದೆಯನ್ನು ಅಮೀನಬಿ ಜೀವಮಾನದಲ್ಲಿ ಕಂಡಿರಲಿಲ್ಲ. ಆಕೆಯ ಮನಸ್ಸು ಕರಗಿತು. "ನಮ್ಮ ಹುಡುಗ ಸಂಪನ್ನ ಅದಾನ್ರಿ," ಎಂದಳು. "ಆದ್ರ ಉದ್ದನ್ನ ಮಾತು ತಡಕೊಳ್ಳಾಂಗಿಲ್ಲ. ಕಣ್ಣಿಲೆ ನೋಡಿದ್ದನ್ನ ನಂಬ್ತಾನ."

ನಜೀರಸಾಬರು ಬರೆದುಕೊಂಡರು: ಮಾತು ಕಡಿಮೆ. ಕಣ್ಣಿಗೆ ತೋರಿಸು. ಆನಂದದಿಂದ ಬೆಟಗೇರಿಯ ಬಸ್ಸು ಹತ್ತಿದರು.

ಅವರಿಗಿಂತ ಮೊದಲು ಸುದ್ದಿ ಬಂದಿರಲಿಲ್ಲ ಎಂಬುದೊಂದೇ ಪುಣ್ಯ. ಮರುದಿನ ಬಂತು. ಊರೂರು ತಿರುಗಿ ಬಳೆ ಮಾರುವ ಮಾಶಾಕ, ಅಲ್ಮಾಸಬಿಯ ಕೈಗೆ ಬಳೆ ಏರಿಸುತ್ತ, "ಶಿರಹಟ್ಟಿ ಸಂಬಂಧ ಛಲೋ ಐತಿ ಬೂಬೂ, ಅಮೀನಬಿ ಭಾಳ ಖುಷಿ ಆಗ್ಯಾಳ, ಹತ್ತೊಂಬತ್ತಕ್ಕ ಗದಗಿಗೆ ನೋಡಾಕ ಬರ್ತಾಳಂತ" ಎಂದ. ಅಲ್ಮಾಸಬಿಯ ಕೈ ಬಿಗಿದು ಎರಡು ಬಳೆ ಒಡೆದವು.

ಗಂಡ ತನಗೆ ಹೇಳದೆ ಮಗಳಿಗೆ ಗಂಡು ನೋಡಿ ಬಂದಿದ್ದಾರೆ! ಕೇಳಿಬಿಡೋಣವೆಂದರೆ ಸ್ವಾಭಿಮಾನ ಅಡ್ಡ ಬಂತು. ಅವರಾಗಿಯೇ ಹೇಳುವವರೆಗೂ ತಾನು ಬಾಯಿ ಬಿಡುವುದಿಲ್ಲವೆಂದು ನಿಶ್ಚಯಿಸಿದಳು. ಅಂಗಡಿಗೆ ಬಂದವರ ಮಗ್ಗದ ಸಾಮಾನು ತೆಗೆದಿಟ್ಟಳು, ಗಂಡನಿಗೆ ಹೊತ್ತುಹೊತ್ತಿಗೆ ರೊಟ್ಟಿ ಬಡಿದಳು. ಆ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಓಣಿಯ ತುದಿಗೂ ಕೇಳುತ್ತಿತ್ತು. ನಜೀರಸಾಬರು ಒಲೆಯ ಮುಂದೆ ಕೂತು ತಮ್ಮ ಭಾಷಣವನ್ನು ಹನ್ನೊಂದು ಸಲ ಒಪ್ಪಿಸಿದರು. ಅಲ್ಮಾಸಬಿ ಹನ್ನೊಂದು ಸಲವೂ ಕೇಳಿದಳು. ಎಲ್ಲಿಯಾದರೂ ಮಗಳ ಹೆಸರು ಬರುತ್ತದೇನೋ ಎಂದು.

ಮೇಲಾಗಿ ಕಲ್ಲಣ್ಣನ ಪಡಸಾಲೆಯಲ್ಲಿ ತಾಲೀಮು. ಓಣಿಯ ಹನ್ನೆರಡು ಜನ ನೇಕಾರರು ಕೂತರು. ನಜೀರಸಾಬರು ತಮ್ಮ ಮುತ್ತಜ್ಜನಿಂದ ಆರಂಭಿಸಿದರು. ಹತ್ತು ನಿಮಿಷವಾದರೂ ಮುತ್ತಜ್ಜ ಇನ್ನೂ ತೀರಿಕೊಂಡಿರಲಿಲ್ಲ.

"ಲೇ ನಜೀರಾ," ಎಂದ ಕಲ್ಲಣ್ಣ, ಗೋಡೆಗೆ ಒರಗಿ, "ನಿಮ್ಮ ಮುತ್ಯಾನ್ನ ಮಣ್ಣು ಮಾಡಿ ಮುಂದ ಹೋಗೋ. ಹಲಗಿ ಎಲ್ಲೈತಿ?"

ಬನಶಂಕರೆವ್ವ ಒಳಗಿನಿಂದ ಬಂದಳು. "ಅಣ್ಣಾ, ನೀವು ಬೇರಿಂಗು ಅಂದ್ರಿ, ಗುಂಡು ಅಂದ್ರಿ, ಮುತ್ಯಾ ಅಂದ್ರಿ. ನನ್ನ ಮೊಣಕಾಲು ಎಲ್ಲಿ ಹೋತು? ಇದೆಲ್ಲಾ ಹುಟ್ಟಿದ್ದ ಅದರಿಂದಲ್ಲ? ಮೊಣಕಾಲಿನಿಂದ ಚಾಲೂ ಮಾಡ್ರಿ."

ನಜೀರಸಾಬರು ವಹಿಯ ಎಂಟು ಹಾಳೆಗಳನ್ನು ಕಿತ್ತು ಮುತ್ತಜ್ಜನ ಸಮೇತ ಕಿಸೆಗೆ ಹಾಕಿಕೊಂಡರು.

ಆಮೇಲೆ 'ಎಷ್ಟು?' ಎಂಬುದರ ವಿಚಾರ. ಕಲ್ಲಣ್ಣ ಎದ್ದುಹೋಗಿ ಹತ್ತಿ ಅಂಗಡಿಯಿಂದ ಕೊಂಡಿತಕ್ಕಡಿ ತಂದ. ಕಲ್ಲಣ್ಣನ ಮಗ್ಗದ ಹಳೆಯ ಹಲಗೆಗೆ ಕೊಂಡಿ ಸಿಕ್ಕಿಸಿ ಎಳೆದರೆ ಒಂಬತ್ತು ಕಿಲೋ ತೋರಿಸಿತು. ಹೊಸದಕ್ಕೆ ನಾಲ್ಕು. ಮತ್ತೆ ಎಳೆದರು, ನಾಲ್ಕು. ಹನ್ನೆರಡು ಜನರೂ ಒಬ್ಬೊಬ್ಬರಾಗಿ ಎಳೆದು ನೋಡಿದರು. ತಾವು ಮಾಡಿದ್ದು ಎಷ್ಟೆಂದು ನಜೀರಸಾಬರಿಗೇ ಅಂದು ಗೊತ್ತಾಯಿತು.

ಹದಿನೇಳಕ್ಕೆ ಗುಲ್ನಾಜ ಬಂದಳು. ಅಪ್ಪನ ವಹಿ ಓದಿ ಬೆರಗಾದಳು. "ಅಬ್ಬಾ, ನಾ ಹತ್ತು ದಿನ ತರಬೇತಿ ಮಾಡಿ ಬಂದೀನಿ. ಅಲ್ಲಿನೂ ಯಾರೂ ಇಷ್ಟು ತಯಾರಿ ಮಾಡಿಲ್ಲ." ಹೇಳಿದಂತೆ ಒಂದೇ ತಾಸಿನಲ್ಲಿ ಐದು ಚಿತ್ರಗಳನ್ನು ಪರದೆಗೆ ಸಿದ್ಧಮಾಡಿದಳು. ಅಲ್ಮಾಸಬಿ ಬಾಗಿಲಲ್ಲಿ ನಿಂತು ತಂದೆ-ಮಗಳನ್ನು ನೋಡಿ, ಇಬ್ಬರೂ ಸೇರಿ ತನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ತೀರ್ಮಾನಿಸಿ, ಪೆಟ್ಟಿಗೆಯಿಂದ ತನ್ನ ಮದುವೆಯ ಸೀರೆ ತೆಗೆದಳು.

ಹತ್ತೊಂಬತ್ತನೆಯ ತಾರೀಖು, ಗದಗಿನ ಸಭಾಭವನ. ವೇದಿಕೆಯ ಮೇಲೆ ದೇವೇಂದ್ರಪ್ಪ ಮತ್ತು ಮೊಹಸಿನ. ಒಂದು ಬದಿಗೆ ನಜೀರಸಾಬರು ಹೊಸದಾಗಿ ಬಣ್ಣ ಬಳಿದ ಎರಡು ಮಾದರಿಗಳು, ಹಳೆಯ ಹಲಗೆ ಒಂದು, ಹೊಸದೊಂದು. ಕಂಪ್ಯೂಟರಿನ ಮುಂದೆ ಗುಲ್ನಾಜ. ಮೊದಲ ಸಾಲಿನ ಎಡಕ್ಕೆ ಜರಿ ಸೀರೆಯ ಅಲ್ಮಾಸಬಿ. ಬಲಕ್ಕೆ ಅಮೀನಬಿ, ಜೊತೆಗೆ ಮೂವರು ಹಿರಿಯ ಹೆಂಗಸರು, ಮಡಿಲಲ್ಲಿ ಸಿಹಿತಿಂಡಿಯ ದೊಡ್ಡ ಡಬ್ಬಿ. ವೇದಿಕೆಯಿಂದ ತಾಯಿಯನ್ನು ಕಂಡ ಮೊಹಸಿನ ನೀರು ಕುಡಿದ.

ನಜೀರಸಾಬರು ದೇವೇಂದ್ರಪ್ಪನವರ ಬಲಗಡೆಗೆ ಬಂದು ನಿಂತು ಆರಂಭಿಸಿದರು.

"ಸಾಹೇಬ್ರ, ಮೊದಲ ಒಂದು ಮಾತು. ಅಕಿ ಮೊಣಕಾಲು ಭಾಳ ನೋಯತಿತ್ರಿ. ಎದ್ದು ಕುಂಡ್ರಾಕ ಆಗ್ತಿರಲಿಲ್ಲ."

"ಏನು!" ಅಮೀನಬಿ ಎದ್ದು ನಿಂತಳು. "ಹುಡುಗಿಗೆ ಮೊಣಕಾಲು ನೋವು ಐತೇನು? ಅವತ್ತು ನಮ್ಮ ಮನ್ಯಾಗ ಕುಂತು ಭಾಳ ಗಟ್ಟಿ ಐತಿ ಅಂದ್ರಲ್ರಿ!"

ಅಲ್ಮಾಸಬಿಯೂ ಎದ್ದಳು. ಎಂಟು ದಿನದ ಮೌನ ಒಮ್ಮೆಲೇ ಒಡೆಯಿತು. "ಯಾರ ಮಗಳಿಗೆ ಮೊಣಕಾಲು ನೋವು? ನನ್ನ ಮಗಳು ಐದು ವರ್ಷ ಖೋಖೋ ಆಡ್ಯಾಳ! ಏನ್ರಿ, ನನಗ ಹೇಳದ ಗಂಡು ನೋಡಿದ್ದೂ ಅಲ್ಲದ, ಮೈಕಿನ್ಯಾಗ ಮಗಳ ಮರ್ಯಾದಿ ಕಳೀತೀರೇನು?"

"ಗಂಡು?" ಎಂದಳು ಗುಲ್ನಾಜ.

"ಹುಡುಗಿ?" ಎಂದ ಮೊಹಸಿನ.

"ಎಷ್ಟು ನೋವು?" ಎಂದರು ದೇವೇಂದ್ರಪ್ಪ.

ನಜೀರಸಾಬರು ಬಾಯಿ ತೆರೆದರು. ಒಬ್ಬರಿಂದೊಬ್ಬರಿಗೆ ಕಣ್ಣು ಹೊರಳಿಸಿದರು. ಸಂಘಟಕರು ಓಡಿಬಂದರು. ಸಭೆಯಲ್ಲಿ ಒಬ್ಬರು ಹುಡುಗಿಯ ಪರ, ಒಬ್ಬರು ಹುಡುಗನ ಪರ ಮಾತಾಡತೊಡಗಿದರು. ಕಡೆಗೆ ಗುಲ್ನಾಜ ಮೈಕು ಕಿತ್ತುಕೊಂಡಳು. "ಎಲ್ಲಾರೂ ಕುಂಡ್ರಿ! ಎದುರಿಗೆ ಕುಂಡ್ರೋರ ಸ್ವಭಾವ ತಿಳ್ಕೊಂಡು ಬರ್ರಿ ಅಂತ ಅಬ್ಬಾಗ ಹೇಳಿದಾಕಿ ನಾನ. ಅವರು ತಿಳ್ಕೊಳ್ಳಾಕ ಹೋಗಿದ್ದು ತಜ್ಞರ ಬಗ್ಗೆ, ಗಂಡಿನ ಬಗ್ಗೆ ಅಲ್ಲ. ಗಟ್ಟಿ ಇರೋದು ಹಲಗಿ. ಮೊಣಕಾಲು ಬನಶಂಕರೆವ್ವ ಮೌಶಿದು!"

ಆಮೇಲೆ ಹಿಂದಿನ ಸಾಲಿನಿಂದ ಬನಶಂಕರೆವ್ವ ಎದ್ದು, "ಹೌದ್ರಿ, ಮೊಣಕಾಲು ನಂದ" ಎಂದು ಸಭೆಗೆಲ್ಲ ಕೈಮುಗಿದಳು. ಭವನ ನಗೆಯಿಂದ ಅಲುಗಿತು. ಅಮೀನಬಿ ಕುರ್ಚಿಯಲ್ಲಿ ಕುಸಿದು, "ಎಣ್ಣಿ ಬಿಟ್ಟೀನಿ ಅಂದಾಗ ನನಗ ತಿಳೀಬೇಕಿತ್ತು" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ದೇವೇಂದ್ರಪ್ಪ ಮಾತ್ರ ನಗಲಿಲ್ಲ. ಗಡಿಯಾರ ನೋಡಿದರು. "ಒಂಬತ್ತು ನಿಮಿಷ ಹೋಗ್ಯಾವ. ಇನ್ನು ಆರು ಉಳದಾವ."

ನಲವತ್ತು ಹೆಣ್ಣುಮಕ್ಕಳ ಮೊಣಕಾಲು ಆ ಆರು ನಿಮಿಷದಲ್ಲಿತ್ತು. ತಯಾರಿಯಿಲ್ಲದವನು ಅಲ್ಲೇ ಕೂತು ಅತ್ತುಬಿಡುತ್ತಿದ್ದ. ನಜೀರಸಾಬರು ಮಗಳಿಗೆ ಸನ್ನೆ ಮಾಡಿದರು. ಐದು ಚಿತ್ರಗಳಲ್ಲಿ ನಾಲ್ಕನ್ನು ದಾಟಿಸಿ ಆಕೆ ಐದನೆಯದನ್ನು ತೋರಿಸಿದಳು. ಪರದೆಯ ತುಂಬ ಎರಡೇ ಅಂಕಿ: ಒಂಬತ್ತು, ನಾಲ್ಕು.

"ಸಾಹೇಬ್ರ, ಒಂಬತ್ತು ಕಿಲೋ ಇದ್ದ ತುಳಿತ ನಾಕಕ್ಕ ಬಂದೈತಿ. ಹೇಳೋದು ಇಷ್ಟ. ಉಳಿದದ್ದನ್ನ ನಿಮ್ಮ ಕಣ್ಣಿಲೆ ನೋಡ್ರಿ." ಮೊದಲ ಸಾಲಿನತ್ತ ತಿರುಗಿದರು. "ಅಮೀನಬಿಯವರ, ತಪ್ಪು ತಿಳೀಬ್ಯಾಡ್ರಿ. ಒಂದೀಟು ಬಂದು ತುಳದು ನೋಡ್ತೀರೇನು?"

ಅಮೀನಬಿ ಬಂದಳು. ಹಳೆಯ ಹಲಗೆ ತುಳಿದು, "ಯಾ ಅಲ್ಲಾ!" ಎಂದು ಮೊಣಕಾಲು ಹಿಡಿದುಕೊಂಡಳು. ಹೊಸದನ್ನು ತುಳಿದಳು. ಮತ್ತೊಮ್ಮೆ ತುಳಿದಳು. ನಿಲ್ಲಿಸಲೇ ಇಲ್ಲ. "ಮೊಹಸಿನಾ, ಬೆಣ್ಣಿ ಐತೋ! ನನ್ನ ಹೊಲಿಗಿ ಮಶೀನಿಗೂ ಇಂಥಾದ್ದು ಹಾಕಸೋ!"

ತಾಯಿಯ ಕಾಲನ್ನೇ ನೋಡುತ್ತಿದ್ದ ಮೊಹಸಿನ ಕೆಳಗಿಳಿದು ಬಂದು ಬಗ್ಗಿ ಕೀಲನ್ನು ಪರೀಕ್ಷಿಸಿದ. ದೇವೇಂದ್ರಪ್ಪ ಕೊಂಡಿತಕ್ಕಡಿ ತರಿಸಿ ತಾವೇ ಮೂರು ಸಲ ಎಳೆದರು. ಮೂರು ಸಲವೂ ನಾಲ್ಕು. "ಬೇರಿಂಗು ಎಷ್ಟು ದಿನ ಬಾಳ್ತದ?" ಎಂದರು.

ನಜೀರಸಾಬರು ಅಭ್ಯಾಸಬಲದಿಂದ 'ಇಪ್ಪತ್ತು ವರ್ಷ' ಎನ್ನಲು ಬಾಯಿ ತೆರೆದವರು ಬನಶಂಕರೆವ್ವನತ್ತ ನೋಡಿ ತಡೆದರು. "ಗೊತ್ತಿಲ್ರಿ ಸಾಹೇಬ್ರ. ಎಂಟು ತಿಂಗಳದಿಂದ ನಡದೈತಿ. ಮುಂದಿಂದು ನೋಡಿ ಹೇಳ್ತೀನಿ."

ದೇವೇಂದ್ರಪ್ಪನವರ ಮುಖದಲ್ಲಿ ಅಂದು ಮೊದಲ ಸಲ ನಗು ಕಂಡಿತು. "ಇಡೀ ದಿನದಾಗ ಒಬ್ಬನರ ಗೊತ್ತಿಲ್ಲ ಅಂದನಲ್ಲಪ್ಪಾ! ನಲವತ್ತಕ್ಕೂ ಹಾಕ್ರಿ. ಪ್ರತಿ ತಿಂಗಳು ನನಗ ತೂಕ ಬರದು ಕಳಸ್ರಿ."

ತಂದ ಸಿಹಿ ಹಿಂದೆ ಒಯ್ಯುವುದು ಶುಭವಲ್ಲವೆಂದು ಅಮೀನಬಿ ಡಬ್ಬಿ ಬಿಚ್ಚಿ ಇಡೀ ಸಭೆಗೆ ಹಂಚಿದಳು. ಗುಲ್ನಾಜ ಮತ್ತು ಮೊಹಸಿನ ಒಬ್ಬರನ್ನೊಬ್ಬರು ನೋಡಿ ಲಾಡು ತಿಂದರು, ಅಷ್ಟೇ. ಆತ ಮುಂದೆ ಲಕ್ಷ್ಮೇಶ್ವರದ ತಸ್ಲೀಮಳನ್ನು ಮದುವೆಯಾದ. ನಜೀರಸಾಬರು ಅಲ್ಲಿಗೆ ಹೋಗಿ ಗೋಡೆ ಗಡಿಯಾರ ಕೊಟ್ಟು ಬಂದರು.

ಸಮಾವೇಶದ ದಿನ ಕೊನೆಗೆ ಸಂಘಟಕರು ಎರಡು ಮಾತು ಹೇಳಿರೆಂದಾಗ ನಜೀರಸಾಬರು ಉಪಕಾರ ಸ್ಮರಣೆಗೆ ನಿಂತರು. ಅದು ಇಪ್ಪತ್ತೆರಡು ನಿಮಿಷವಾಯಿತು. ಬನಶಂಕರೆವ್ವ, ಕಲ್ಲಣ್ಣ, ಗುಲ್ನಾಜ, ಮುಂಡರಗಿಯ ಮರಿಯವ್ವ, ಹನ್ನೆರಡು ನೇಕಾರರು, ಶರಬತ್ತು ಕುಡಿಸಿದ ಅಮೀನಬಿ, ತಕ್ಕಡಿ ಕೊಟ್ಟ ಹತ್ತಿ ಅಂಗಡಿಯವರು, ಒಬ್ಬೊಬ್ಬರ ಹೆಸರನ್ನೂ ಎರಡೆರಡು ಸಲ ಹೇಳಿದರು. ಮನೆಗೆ ಬಂದು ಪಂಪು ಸ್ಟೋವಿನ ಮುಂದೆ ಕೂತ ಅಲ್ಮಾಸಬಿಯ ಬೆನ್ನು ನೋಡಿದಾಗ, ಯಾರ ಹೆಸರು ಬಿಟ್ಟಿದ್ದೆ ಎಂಬುದು ಅವರಿಗೆ ಹೊಳೆಯಿತು.

"ಹತ್ತು ದಿನ ಅಂಗಡಿ ನೋಡಿದಾಕಿ ನಾನು," ಎಂದಳು ಆಕೆ, ತಿರುಗದೆ. "ಹನ್ನೊಂದು ಸಲ ಭಾಷಣ ಕೇಳಿದಾಕಿ ನಾನು. ತಕ್ಕಡಿಯವನ ಹೆಸರು ನೆನಪಾತು."

ನಜೀರಸಾಬರು ಕಿಸೆಯಿಂದ ವಹಿ ತೆಗೆದು ಹಾಳೆ ತಿರುವಿದರು; ಅದರಲ್ಲೂ ಆಕೆಯ ಹೆಸರಿರಲಿಲ್ಲ.

ಮುಂದಿನ ವಾರ ಮೊದಲ ಹಲಗೆ ಹಾಕಲು ಲಕ್ಷ್ಮೇಶ್ವರದ ನೇಕಾರ ಮುದುಕಿ ಗದಿಗೆವ್ವನ ಮನೆಗೆ ಹೋಗಬೇಕಿತ್ತು. ಎಂದೂ ಹೆಂಡತಿಯನ್ನು ಕೆಲಸಕ್ಕೆ ಕರೆದೊಯ್ಯದ ನಜೀರಸಾಬರು, "ನಡಿ, ನೀನೂ ಬಾ" ಎಂದರು. ಅಲ್ಲಿ ಹಲಗೆ ಕೂಡಿಸಿದ ಮೇಲೆ ಓಣಿಮಂದಿಯ ಮುಂದೆ ಎದ್ದು ನಿಂತರು. ವಹಿ ಇರಲಿಲ್ಲ.

"ಈಕಿ ಅಲ್ಮಾಸಬಿ," ಎಂದರು. "ಈಕಿ ಇರಲಿಲ್ಲ ಅಂದ್ರ... ಈಕಿ ನನಗ..." ಮುಂದೆ ಹೊರಡಲಿಲ್ಲ. ಕಣ್ಣೊರೆಸಿಕೊಂಡರು.

"ಮುಂದ ಹೇಳ್ರಿ ಸಾಬ್ರ," ಎಂದಳು ಗದಿಗೆವ್ವ.

"ಇರಲಿ ಬಿಡವ್ವಾ, ನನಗ ತಿಳೀತು," ಎಂದು ಅಲ್ಮಾಸಬಿ ಕುಣಿಗೆ ಕಾಲು ಇಳಿಬಿಟ್ಟು ಕೂತು ಮೊದಲ ತುಳಿತ ತಾನೇ ತುಳಿದಳು.

ಮರಳುವ ಬಸ್ಸಿನಲ್ಲಿ ನಜೀರಸಾಬರು ಕಿಟಕಿಯ ಪಕ್ಕದ ಸೀಟನ್ನು ಹೆಂಡತಿಗೆ ಬಿಟ್ಟುಕೊಟ್ಟರು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅದು ಮೊದಲ ಸಲ. ಗದಗ ಬರುವವರೆಗೂ ಅಲ್ಮಾಸಬಿ ಹೊರಗೇ ನೋಡುತ್ತಿದ್ದಳು. ಒಮ್ಮೆ ಮಾತ್ರ ತಿರುಗಿ, "ಗಾಳಿ ಛಲೋ ಬರಾಕತ್ತೈತಿ" ಎಂದಳು.